ಹದಿನಾಲ್ಕನೇ ಹಾಳೆ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಮದ್ದುಗುಂಡಿನ ಸರ್ಕಾರಿ ಉಗ್ರಾಣದ ಭದ್ರತಾ ಅಧಿಕಾರಿ ಠಾಣೆಗೆ ಬಂದು ದೂರು ಕೊಟ್ಟರು. ಉಗ್ರಾಣದ ನೌಕರರಿಗೆಲ್ಲ ಭದ್ರತಾ ಅನುಮತಿ ಬೇಕು, ಐದು ವರ್ಷಕ್ಕೊಮ್ಮೆ ಅದು ನವೀಕರಣವಾಗಬೇಕು. ಅಂಥ ನವೀಕರಣದ ಗುಪ್ತ ಕಡತವೊಂದರ ಹದಿನಾಲ್ಕನೇ ಹಾಳೆ ಮಾಯವಾಗಿ, ಅದರ ಜಾಗದಲ್ಲಿ ಹಳೆಯ ರಜೆ ಅರ್ಜಿಯೊಂದು ಕೂತಿತ್ತು.

"ಮೊದಲಿದ್ದದ್ದು ಏನು?" ಇನ್‌ಸ್ಪೆಕ್ಟರ್ ಕೇಳಿದರು.

"ಸಾಲ ಬಾಕಿ ಇದೆ ಅಂತ ಸಹಕಾರ ಸಂಘದವರು ಬರೆದ ಪತ್ರ. ಉತ್ತರ ಬಂದಿಲ್ಲ ಅಂತ ನಿನ್ನೆ ಇನ್ನೊಂದು ಬರೆದರು. ಆಗಲೇ ಗೊತ್ತಾಗಿದ್ದು."

"ಕಡತ ಯಾರದ್ದು?"

"ನಮ್ಮ ರೆಕಾರ್ಡ್ ಕೀಪರ್‌ದು."

"ಬೀರುವಿನ ಕೀಲಿ?"

"ಒಂದು ನನ್ನ ಹತ್ರ. ಇನ್ನೊಂದು ಅವರ ಹತ್ರಾನೇ."

ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಕೆಮ್ಮಿದರು. "ಬೇಲೀನೇ ಎದ್ದು ಹೊಲ ಮೇಯ್ತು ಅನ್ನಿ."

"ಅವರ ಮೇಲೆ ಅನುಮಾನ ಪಟ್ರೆ ಬಾಯಲ್ಲಿ ಹುಳ ಬೀಳತ್ತೆ," ಅಧಿಕಾರಿ ಸಿಟ್ಟಾದರು. "ಇಪ್ಪತ್ತಾರು ವರ್ಷದಲ್ಲಿ ಒಂದು ಗುಂಡುಸೂಜಿ ಮನೆಗೆ ಒಯ್ದವರಲ್ಲ. ಯಾರೋ ಸಿಕ್ಕಿಸೋಕೆ ನೋಡ್ತಿದ್ದಾರೆ."

ಹತ್ತು ಐವತ್ತೈದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದು ಮುಕ್ಕಾಲಿಗೆ ಉಗ್ರಾಣದ ರೆಕಾರ್ಡ್ ಕೋಣೆಯಲ್ಲಿ ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಕೋಣೆಯಲ್ಲಿ ಧೂಳಿನ ಸುಳಿವಿಲ್ಲ. ಪ್ರತಿ ಕಡತದ ದಾರಕ್ಕೂ ಒಂದೇ ಬಗೆಯ ಗಂಟು. ಬೀರುವಿನ ಬೀಗ ಒಡೆದಿರಲಿಲ್ಲ. ಅದರ ಪಕ್ಕದ ಮೊಳೆಗೆ ಒಂದು ರಿಜಿಸ್ಟರ್ ನೇತುಹಾಕಿತ್ತು. ಬೀರು ತೆರೆದವರು ಯಾಕೆ ತೆರೆದೆವೆಂದು ಅದರಲ್ಲಿ ಬರೆಯಬೇಕಿತ್ತು.

ಇನ್‌ಸ್ಪೆಕ್ಟರ್ ಹಾಳೆ ತಿರುವುತ್ತ ಬಂದು ಒಂದು ಕಡೆ ನಿಂತರು. ಮತ್ತೊಮ್ಮೆ ಓದಿದರು. ಮಾರ್ಚ್ ಮೂರು, ಸಂಜೆ ಐದು ನಲವತ್ತು. ಕಾರಣ: ಹಾಳೆ ಹದಿನಾಲ್ಕನ್ನು ತೆಗೆಯಲು. ಮುಚ್ಚಿದ್ದು ಐದು ನಲವತ್ತೆಂಟು. ಕೆಳಗೆ ರೆಕಾರ್ಡ್ ಕೀಪರ್ ಅವರ ದುಂಡನೆಯ ಸಹಿ.

ಚಾಪೆಯ ಕೆಳಗೆ ತೂರುವವರನ್ನು, ರಂಗೋಲಿಯ ಕೆಳಗೆ ತೂರುವವರನ್ನು ಇನ್‌ಸ್ಪೆಕ್ಟರ್ ಬೇಕಾದಷ್ಟು ಕಂಡಿದ್ದರು. ಕದ್ದ ಮೇಲೆ ತಾನೇ ಬರೆದು ಸಹಿ ಹಾಕಿದವನನ್ನು ಕಂಡದ್ದು ಇದೇ ಮೊದಲು. ಹೆಡ್ ಕಾನ್‌ಸ್ಟೇಬಲ್ ನಗಲು ಬಾಯಿ ತೆರೆದವರು ಇನ್‌ಸ್ಪೆಕ್ಟರರ ಮುಖ ನೋಡಿ ರಿಜಿಸ್ಟರನ್ನು ಪಂಚನಾಮೆಗೆ ಸೇರಿಸಿದರು.

ಮಧ್ಯಾಹ್ನ ಒಂದು ಹತ್ತಕ್ಕೆ ಅಲ್ಲೇ ವಿಚಾರಣೆ. ರೆಕಾರ್ಡ್ ಕೀಪರ್ ಕುರ್ಚಿಯ ತುದಿಯಲ್ಲಿ ಕೂತರು.

"ಹಾಳೆ ಎಲ್ಲಿದೆ?"

"ನನ್ನ ಮೇಜಿನ ಡ್ರಾಯರಲ್ಲಿ. ಕಡತದ ಹಾಳೆ ಹರಿಯೋಕೆ ಕೈ ಬರಲಿಲ್ಲ ಸಾರ್."

"ತೆಗೆದದ್ದನ್ನ ರಿಜಿಸ್ಟರಲ್ಲಿ ಯಾಕೆ ಬರೆದ್ರಿ?"

"ಬೀರು ತೆಗೆದಿದ್ದೆನಲ್ಲ. ತೆಗೆದ ಮೇಲೆ ಬರೀಬೇಕು."

"ಮಾರನೇ ದಿನ ನವೀಕರಣದ ಫಾರಂ ಕೊಟ್ರಿ. ಅದರಲ್ಲಿ 'ಸಾಲ ಇಲ್ಲ' ಅಂತ ಬರೆದ್ರಿ."

ಅವರು ತಲೆ ತಗ್ಗಿಸಿದರು. "ಇದೆ ಅಂತ ಬರೆದ್ರೆ ಮನೆಗೆ ಬಂದು ವಿಚಾರಿಸ್ತಾರೆ. ನಮ್ಮನೆಯವಳಿಗೆ ಕ್ಯಾನ್ಸರ್ ಸಾರ್. ಔಷಧಿ ಖರ್ಚೆಲ್ಲ ಆಫೀಸಿನದು ಅಂತ ಹೇಳಿದೀನಿ. ಸಾಲ ಅಂತ ಗೊತ್ತಾದ ದಿನ ಅವಳು ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಕೀಮೋ ಇನ್ನು ಮೂರೇ ಸಲ ಉಳಿದಿರೋದು."

ಬಾಗಿಲಲ್ಲಿ ನಿಂತಿದ್ದ ಭದ್ರತಾ ಅಧಿಕಾರಿಗೆ ತಡೆಯಲಾಗಲಿಲ್ಲ. "ಇದೆ ಅಂತ ಒಂದು ಮಾತು ಬರೀಬಾರದಿತ್ತೇನ್ರೀ! ನಮ್ಮಲ್ಲಿ ಸಾಲ ಇಲ್ಲದವರು ಯಾರಿದ್ದಾರೆ? ಹೀಗೀಗೆ ತೀರಿಸ್ತೀನಿ ಅಂದವರ ಅನುಮತಿ ನಾನು ಯಾವತ್ತೂ ನಿಲ್ಲಿಸಿಲ್ಲ. ಮುಚ್ಚಿಟ್ಟವರನ್ನ ಹೆದರಿಸಿ ಯಾರು ಬೇಕಾದ್ರೂ ಕೀಲಿ ಕಸ್ಕೋಬಹುದು. ನಾನಿನ್ನು ನಿಮಗೆ ಹೇಗೆ ಕೀಲಿ ಕೊಡಲಿ?"

ಹೇಳುತ್ತ ಹೇಳುತ್ತ ಅವರ ಕಣ್ಣಲ್ಲೇ ನೀರು ಬಂತು. ಡ್ರಾಯರಿನಿಂದ ಹಾಳೆ ಸಿಕ್ಕಿತು, ಮಡಿಕೆಯೂ ಬಿದ್ದಿರಲಿಲ್ಲ. ಸುಳ್ಳು ಘೋಷಣೆ ಮತ್ತು ಸರ್ಕಾರಿ ದಾಖಲೆ ಮರೆಮಾಚಿದ ಆರೋಪದ ಮೇಲೆ ಮೂರು ಗಂಟೆಗೆ ಬಂಧನವಾಯಿತು.

ಬಂಧನದ ತಿಳಿವಳಿಕೆ ಪತ್ರಕ್ಕೆ ಮನೆಯವರ ಸಹಿ ಬೇಕಿತ್ತು.

"ಬೇರೆ ಯಾರಿದ್ದಾರೆ?"

"ಯಾರೂ ಇಲ್ಲ. ನಾವಿಬ್ಬರೇ. ದಯವಿಟ್ಟು ಅವಳಿಗೆ ಸಾಲದ ವಿಷಯ ಬೇಡ ಸಾರ್."

ನಾಲ್ಕು ಹತ್ತಕ್ಕೆ ಹೆಡ್ ಕಾನ್‌ಸ್ಟೇಬಲ್‌ರನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ತಾವೇ ಹೋದರು. ಎರಡನೇ ಮಹಡಿಯ ಚಿಕ್ಕ ಮನೆ. ತಲೆಗೆ ಬಟ್ಟೆ ಸುತ್ತಿದ್ದ ಹೆಂಗಸು ಗೋಡೆ ಹಿಡಿದು ಬಂದು ಬಾಗಿಲು ತೆರೆದರು. ಪತ್ರದಲ್ಲಿ ಕಾನೂನಿನ ಕಲಂಗಳಷ್ಟೇ ಇದ್ದವು. ಅವರು ಅದನ್ನು ಎರಡು ಸಲ ಓದಿದರು.

"ಏನೋ ತಪ್ಪಾಗಿದೆ ಸಾರ್. ನಮ್ಮವರು ಸುಳ್ಳು ಹೇಳೋರಲ್ಲ. ನನಗೇ ಒಂದು ದಿನ ಹೇಳಿದವರಲ್ಲ. ನನ್ನ ಔಷಧಿಗೆಲ್ಲ ಆ ಆಫೀಸೇ ದುಡ್ಡು ಕೊಡ್ತಿದೆ. ಅಂಥಾ ಆಫೀಸಿಗೆ ಮೋಸ ಮಾಡ್ತಾರಾ?"

ತಪ್ಪೇ ಆಗಿರಬಹುದು ಎಂದು ಇನ್‌ಸ್ಪೆಕ್ಟರ್ ಹೊರಟುಬಿಡಬಹುದಿತ್ತು. ಮುಂದಿನ ಸಲ ಆಸ್ಪತ್ರೆಯ ಕೌಂಟರಿನಲ್ಲಿ ಆಕೆ ಒಬ್ಬರೇ ನಿಲ್ಲುವುದು ಕಣ್ಣಿಗೆ ಕಟ್ಟಿತು. "ಆಫೀಸು ಕೊಟ್ಟಿಲ್ಲಮ್ಮ," ಎಂದರು, "ಅವರು ಸಾಲ ಮಾಡಿದ್ದಾರೆ. ಅದನ್ನೇ ಮುಚ್ಚಿಟ್ಟಿದ್ದು."

ಆಕೆ ಪತ್ರವನ್ನು ಮಡಿಸಿ, ಮತ್ತೆ ಬಿಡಿಸಿದರು.

"ಕೇಳಿದ್ರೆ ಬೇಡ ಅಂತಿದ್ದೆ."

"ಅದಕ್ಕೇ ಅವರು ಕೇಳಿಲ್ಲಮ್ಮ," ಹೆಡ್ ಕಾನ್‌ಸ್ಟೇಬಲ್ ಮೆಲ್ಲಗೆ ಹೇಳಿದರು.

ಆಕೆ ತೋರಿಸಿದ ಕಡೆ ಸಹಿ ಹಾಕಿದರು. ಪೆನ್ನು ವಾಪಸು ಕೊಡುತ್ತ ಹೇಳಿದರು: "ನನಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡಿ ಸಾರ್. ನಾನು ಆಸ್ಪತ್ರೆಗೆ ಹೋಗ್ತೀನಿ. ಹೇಗಾದ್ರೂ ಹೋಗ್ತೀನಿ. ಆಫೀಸೇ ಕೊಡ್ತಿದೆ ಅಂತ ನಾನಿನ್ನೂ ನಂಬಿದೀನಿ ಅಂತಲೇ ಅವರಿಗಿರಲಿ."

ಠಾಣೆಯಲ್ಲಿ ರೆಕಾರ್ಡ್ ಕೀಪರ್ ಲಾಕಪ್ಪಿನ ಕಂಬಿ ಹಿಡಿದೇ ನಿಂತಿದ್ದರು.

"ಗೊತ್ತಾಯ್ತಾ ಸಾರ್ ಅವಳಿಗೆ?"

"ಇಲ್ಲ," ಎಂದರು ಇನ್‌ಸ್ಪೆಕ್ಟರ್.

"ಬದುಕಿದೆ," ಎಂದು ಅವರು ನೆಲದ ಮೇಲೆ ಕುಸಿದು ಕೂತರು. ಕೆಲಸ ಕಳೆದುಕೊಂಡು, ಕೈದಿಯಾಗಿ ಕೂತ ಆ ಮನುಷ್ಯನ ಮುಖದಲ್ಲಿ ನಿಜವಾಗಿಯೂ ನೆಮ್ಮದಿ ಇತ್ತು. ಅದನ್ನು ನೋಡುತ್ತ ನಿಲ್ಲುವುದು ಇನ್‌ಸ್ಪೆಕ್ಟರಿಂದಾಗಲಿಲ್ಲ. ಐದು ಐವತ್ತಕ್ಕೆ ಅವರು ಕೇಸ್ ಡೈರಿ ಬಿಡಿಸಿ, ಕೃತ್ಯದ ಉದ್ದೇಶ ಎಂಬಲ್ಲಿ, "ಸಾಲ ಮಾಡಿ ಚಿಕಿತ್ಸೆ ಕೊಡಿಸುತ್ತಿರುವುದು ಪತ್ನಿಗೆ ತಿಳಿಯದಿರಲೆಂದು," ಎಂದು ಬರೆದು ಸಹಿ ಹಾಕಿದರು.