ಏಳನೇ ಹಾಸಿಗೆಯ ಮೂಲೆ

ಬುಧವಾರ, ಹನ್ನೆರಡನೇ ತಾರೀಖು, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಬಾಗಿಲಲ್ಲಿ ಮೊದಲು ಕಂಡಿದ್ದು ಬ್ಯಾಗು, ಆಮೇಲೆ ಹುಡುಗಿ. ಬ್ಯಾಗು ಅವಳ ತಲೆಗಿಂತ ಒಂದು ಗೇಣು ಎತ್ತರವಿತ್ತು. ಇಪ್ಪತ್ತನಾಲ್ಕು ವರ್ಷದವಳು, ಬೇರೆ ದೇಶದಿಂದ ಬಂದವಳು. ಹೋಟೆಲಿನಲ್ಲಿ ಪಾತ್ರೆ ತೊಳೆದು ತೊಳೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

"ಪಾಸ್‌ಪೋರ್ಟ್ ಕಳುವಾಗಿದೆ ಸಾರ್," ಎಂದಳು.

"ಬ್ಯಾಗ್ ಯಾಕಮ್ಮ ಹೊತ್ಕೊಂಡು ಬಂದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಹಾಸ್ಟೆಲ್ ರೂಮಲ್ಲಿ ಬಿಟ್ಟು ಬರೋಕೆ ಧೈರ್ಯ ಬರ್ಲಿಲ್ಲ."

ಬಿಸಿ ಹಾಲಿಗೆ ಬಾಯಿ ಸುಟ್ಟವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ. ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು, ನೀರು ಕೊಡಿಸಿದರು, ರೈಟರ್ ಪೇದೆಯನ್ನು ಕರೆದರು. ಏನು ಬರೆದರೂ ಎರಡು ಪ್ರತಿ ಇಟ್ಟುಕೊಳ್ಳುವ ಆತನಿಗೆ ಠಾಣೆಯಲ್ಲಿ ಕಾರ್ಬನ್ ಎಂದೇ ಹೆಸರು. ಮದುವೆಯ ಕರೆಯೋಲೆಗೂ ಒಂದು ನಕಲು ತೆಗೆದಿಟ್ಟಿದ್ದಾನೆಂದು ಸಹೋದ್ಯೋಗಿಗಳು ಛೇಡಿಸುತ್ತಿದ್ದರು.

ದೂರು ಹೀಗಿತ್ತು. ಹುಡುಗಿ ಮೂರು ತಿಂಗಳಿಂದ ಬಸ್ ನಿಲ್ದಾಣದ ಹಿಂದಿನ ಹಾಸ್ಟೆಲಿನಲ್ಲಿ ಇದ್ದಾಳೆ. ಒಂದೇ ಕೋಣೆಯಲ್ಲಿ ಎಂಟು ಹಾಸಿಗೆ, ಒಂದರ ಮೇಲೊಂದು; ಅಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಹಾಸಿಗೆಯ ನಂಬರಿನಿಂದ ಕರೆಯುತ್ತಾರೆ. ಇವಳು ಏಳು. ಹಣ್ಣಿನ ತೋಟವೊಂದರಲ್ಲಿ ಒಂದು ವರ್ಷದ ಕೆಲಸ ಸಿಕ್ಕಿದೆ. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಪರವಾನಗಿ ಕಚೇರಿಯಲ್ಲಿ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ತೋರಿಸದಿದ್ದರೆ ಪರವಾನಗಿ ಇಲ್ಲ, ಕೆಲಸ ಇಲ್ಲ, ಮುಂದಿನ ವಾರದೊಳಗೆ ದೇಶ ಬಿಡಬೇಕು.

"ಎಲ್ಲಿಟ್ಟಿದ್ದೆ?"

"ಹಾಸಿಗೆ ಕವರಿನ ಜಿಪ್ ಒಳಗೆ, ಒಂದು ಬಟ್ಟೆ ಚೀಲದಲ್ಲಿ. ಲಾಕರಿಗೆ ಬೀಗ ನಾವೇ ತರ್ಬೇಕು. ನನ್ ಬೀಗ ಕೆಟ್ಟಿತ್ತು."

"ಚೀಲದಲ್ಲಿ ಬೇರೆ ಏನಿತ್ತು?"

"ಉಳಿಸಿದ ದುಡ್ಡು. ಅದು ಹಾಗೇ ಇದೆ ಸಾರ್. ಪಾಸ್‌ಪೋರ್ಟ್ ಮಾತ್ರ ಇಲ್ಲ."

ಕಾರ್ಬನ್ ಬರೆಯುವುದನ್ನು ನಿಲ್ಲಿಸಿ ಇನ್ಸ್‌ಪೆಕ್ಟರ್ ಮುಖ ನೋಡಿದ. ದುಡ್ಡು ಬಿಟ್ಟು ಕಾಗದ ಒಯ್ಯುವ ಕಳ್ಳನನ್ನು ಅವನು ಇದೇ ಮೊದಲು ಕೇಳಿದ್ದು.

ಹತ್ತು ಹದಿನೈದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಅವರು ಹಾಸ್ಟೆಲಿನಲ್ಲಿದ್ದರು.

ಮ್ಯಾನೇಜರ್ ಕೇಳುವ ಮೊದಲೇ "ನಮ್ಮಲ್ಲಿ ಅಂಥದ್ದೆಲ್ಲ ಆಗಲ್ಲ ಸಾರ್" ಎಂದು ಶುರು ಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ. ಅವನ ತಪ್ಪು ಇಷ್ಟೇ, ಕೋಣೆಯ ಬಾಗಿಲಿನ ಚಿಲಕ ಆರು ತಿಂಗಳಿಂದ ಕೆಟ್ಟಿತ್ತು.

ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಸ್ಥಳ ಪಂಚನಾಮೆ ಶುರುವಾಯಿತು. ಹಗ್ಗದ ಮೇಲೆ ಒಣಗದ ಕಾಲುಚೀಲ, ಒಂದೇ ಪ್ಲಗ್ಗಿಗೆ ಐದು ಚಾರ್ಜರ್, ಕಿಟಕಿಯಲ್ಲಿ ಯಾರೋ ಬಿಟ್ಟುಹೋದ ಅರ್ಧ ಶಾಂಪೂ. ಇನ್ಸ್‌ಪೆಕ್ಟರಿಗೆ ಆ ವಾಸನೆ ಹೊಸದಲ್ಲ. ಪೊಲೀಸ್ ಪರೀಕ್ಷೆ ಬರೆಯುವ ಮೊದಲು ಅವರೂ ಎರಡು ವರ್ಷ ಪರದೇಶದಲ್ಲಿ ಇಂಥದೇ ಹಾಸಿಗೆಯಲ್ಲಿ ಮಲಗಿ, ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿದಿದ್ದರು. ಜ್ವರ ಬಂದು ಬಿದ್ದಾಗ ಭಾಷೆ ಬಾರದ ಒಬ್ಬ ಹಿರಿಯ ಕೆಲಸಗಾರ ಮೂರು ದಿನ ಇವರ ಪಾಳಿಯನ್ನೂ ತಾನೇ ಮಾಡಿ, ಇವರ ಕೆಲಸ ಉಳಿಸಿದ್ದ. ಆ ಮನುಷ್ಯನನ್ನು ನೆನೆಯದೆ ಇನ್ಸ್‌ಪೆಕ್ಟರ್ ಇವತ್ತಿಗೂ ಒಂದು ದುಪ್ಪಟಿ ಮಡಚಿದವರಲ್ಲ.

ಏಳನೇ ಹಾಸಿಗೆ ಕೆಳಗಿನದು. ಹುಡುಗಿ ತಲೆಯ ಕಡೆ ಎಳೆದು ಹುಡುಕಿದ್ದಳು. ಕಾಲ ಕಡೆ ಹಾಸು ಕದಲಿರಲಿಲ್ಲ. ಇನ್ಸ್‌ಪೆಕ್ಟರ್ ಬಗ್ಗಿ ಆ ಮೂಲೆಯನ್ನು ನೋಡಿದರು. ಹಾಸಿನ ಅಂಚು ಓರೆಯಾಗಿ ಮಡಚಿ, ಅಂಟಿಸಿದ ಲಕೋಟೆಯಷ್ಟು ಚಪ್ಪಟೆಯಾಗಿ ಹಾಸಿಗೆಯ ಕೆಳಗೆ ಹೋಗಿತ್ತು. ಎರಡೂ ಮೂಲೆ ಒಂದೇ ಅಳತೆ.

"ಇದನ್ನ ನೀನೇ ಹಾಸಿದ್ದಾ?"

"ಭಾನುವಾರ ನಾನೇ ಬದಲಾಯಿಸ್ದೆ. ಆದ್ರೆ ನಾನು ಸುಮ್ನೆ ಒಳಗೆ ತುರುಕ್ತೀನಿ ಸಾರ್."

"ಇಲ್ಲಿ ಹಾಸಿಗೆ ಹಾಕೋರು ಯಾರು?"

ಮ್ಯಾನೇಜರ್ ಇಬ್ಬರು ಪ್ರವಾಸಿಗಳನ್ನು ಕರೆದ. ದಿನಕ್ಕೆ ನಾಲ್ಕು ಗಂಟೆ ಗುಡಿಸಿ, ಒರೆಸಿ, ಹಾಸು ಬದಲಿಸಿದರೆ ಅವರಿಗೆ ಮಲಗಲು ಜಾಗ ಪುಕ್ಕಟೆ. ಇನ್ಸ್‌ಪೆಕ್ಟರ್ ಇಬ್ಬರ ಕೈಗೂ ಒಂದೊಂದು ಹಾಸು ಕೊಟ್ಟು, ಖಾಲಿ ಹಾಸಿಗೆ ತೋರಿಸಿದರು. ಒಬ್ಬ ಕಾಲಿನಲ್ಲಿ ಒದ್ದು ಒಳಗೆ ತಳ್ಳಿದ. ಇನ್ನೊಬ್ಬನದು ತಲೆಯ ಕಡೆ ಮುಚ್ಚಿದರೆ ಕಾಲ ಕಡೆ ತೆರೆಯುತ್ತಿತ್ತು.

"ಇವರಿಬ್ಬರನ್ನ ಬಿಡು," ಎಂದರು ಇನ್ಸ್‌ಪೆಕ್ಟರ್ ಕಾರ್ಬನ್ನಿಗೆ.

"ಯಾಕೆ ಸಾರ್?"

"ಹೋಟೆಲ್ ಕೆಲಸದಲ್ಲಿ ಈ ಮೂಲೆ ಕಲಿಯೋಕೆ ನಂಗೇ ಎರಡು ತಿಂಗಳು ಹಿಡೀತು. ತಪ್ಪಿದ್ರೆ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ರು."

ಮಧ್ಯಾಹ್ನ ಎರಡು ಹತ್ತು. ಹಾಸು ಮುಟ್ಟುವವರಲ್ಲಿ ಇನ್ನು ಉಳಿದದ್ದು ಹಾಸ್ಟೆಲಿನ ನೆಲಮಾಳಿಗೆಯ ಲಾಂಡ್ರಿ; ಅಲ್ಲಿ ಎರಡು ಯಂತ್ರ ತಿರುಗುತ್ತಿದ್ದವು. ಒಬ್ಬ ಹೆಂಗಸು ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು. ವಯಸ್ಸು ನಲವತ್ತೊಂದು, ಹುಡುಗಿಯ ದೇಶದವಳೇ. ಹಾಸ್ಟೆಲಿನವರಿಗೆಲ್ಲ ಅವಳು ಲಾಂಡ್ರಿ ಅಕ್ಕ.

"ಮೇಲಿನ ರೂಮಿಗೆ ಹೋಗ್ತೀರಾ ಅಮ್ಮ?"

"ಇಲ್ಲ ಸಾರ್. ನನ್ ಕೆಲಸ ಎಲ್ಲ ಇಲ್ಲೇ."

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಗೋಡೆಗೆ ಒರಗಿಸಿದ್ದ ಹಳೆಯ ಹಾಸಿಗೆಯನ್ನು ನೆಲಕ್ಕೆ ಕೆಡವಿ, ಒಂದು ಹಾಸು ಎತ್ತಿಕೊಂಡು ಹಾಸಲು ಶುರು ಮಾಡಿದರು. ಕಾರ್ಬನ್ ಬಾಯಿ ತೆರೆದು ನಿಂತ. ಸಾಹೇಬರು ಮೂಲೆಯನ್ನು ಉಂಡೆ ಮಾಡಿ ಒಳಗೆ ತುರುಕುತ್ತಿದ್ದರು, ಬೇಕೆಂದೇ. ಲಾಂಡ್ರಿ ಅಕ್ಕ ಒಂದು ಮೂಲೆ ಸಹಿಸಿಕೊಂಡಳು. ಎರಡನೆಯದಕ್ಕೆ ಇಸ್ತ್ರಿ ಕೆಳಗಿಟ್ಟಳು.

"ಹಾಗಲ್ಲ ಸಾರ್, ಬಿಡಿ, ಸುಕ್ಕಾಗುತ್ತೆ."

ಮಂಡಿಯೂರಿ ಕುಳಿತು ಅಂಚನ್ನು ಓರೆಯಾಗಿ ಎತ್ತಿ, ಇಳಿಬಿಟ್ಟದ್ದನ್ನು ಅಂಗೈಯಲ್ಲಿ ಒಳಗೆ ಸರಿಸಿ, ಮೇಲಿನ ಮಡಿಕೆ ಇಳಿಸಿ ಬೆರಳಲ್ಲಿ ಗೆರೆ ಎಳೆದಳು. ಮೂರು ಉಸಿರಿನಷ್ಟು ಹೊತ್ತು. ಲಕೋಟೆಯಂಥ ಮೂಲೆ.

"ಏಳನೇ ಹಾಸಿಗೇಲೂ ಇದೇ ಮೂಲೆ ಇದೆ ಅಮ್ಮ," ಎಂದರು ಇನ್ಸ್‌ಪೆಕ್ಟರ್ ಮೆಲ್ಲಗೆ.

ಅವಳ ಕೈ ಮಡಿಕೆಯ ಮೇಲೇ ನಿಂತಿತು. ಕದ್ದವಳು ಸುಮ್ಮನೆ ಓಡಿಹೋಗಬಹುದಿತ್ತು. ಆದರೆ ಎಳೆದ ಹಾಸನ್ನು ಹಾಗೇ ಬಿಟ್ಟು ಬರಲು ಅವಳ ಕೈ ಒಪ್ಪಿರಲಿಲ್ಲ. ಹನ್ನೊಂದು ವರ್ಷ ಹಾಸು ಮಡಚಿದ ರೂಢಿ.

ಅವಳು ಎದ್ದು ಇಸ್ತ್ರಿ ಮೇಜಿನ ಕಂಬಳಿ ಎತ್ತಿದಳು. ಪಾಸ್‌ಪೋರ್ಟ್ ಕೆಳಗಿತ್ತು, ಕಾವಿಗೆ ತುಸು ಬೆಚ್ಚಗಾಗಿತ್ತು.

"ಯಾವಾಗ ತೆಗೆದ್ರಿ?"

"ನಿನ್ನೆ ಮಧ್ಯಾಹ್ನ. ಎಲ್ಲ ಹೊರಗೆ ಹೋಗಿದ್ರು."

"ಅಲ್ಲಿರೋದು ಹೇಗೆ ಗೊತ್ತಾಯ್ತು?"

"ಹೋದ ತಿಂಗಳು ಆ ಹುಡುಗಿಗೆ ಜ್ವರ ಬಂದಿತ್ತು. ಗಂಜಿ ಮಾಡ್ಕೊಂಡು ಹೋದೆ, ಬೆವರಿಗೆ ಒದ್ದೆಯಾದ ಹಾಸು ತೆಗೆದೆ. ಆಗ ನೋಡ್ದೆ."

"ಯಾಕೆ ಬೇಕಿತ್ತು ನಿಮಗೆ?"

ಯಂತ್ರವೊಂದು ತಿರುಗುವುದನ್ನು ನಿಲ್ಲಿಸಿತು. ಅವಳು ಹೇಳತೊಡಗಿದಳು; ಕಾರ್ಬನ್ ಬರೆದುಕೊಂಡ. ಮೊದಲು ಮನೆಗೆಲಸಕ್ಕೆ ಕರೆತಂದ ಯಜಮಾನಿ ಪಾಸ್‌ಪೋರ್ಟ್ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು. ಇವಳು ಬರಿಗೈಯಲ್ಲಿ ಓಡಿಬಂದಳು. ಊರಲ್ಲಿ ಆರು ವರ್ಷದ ಮಗಳನ್ನು ತಂಗಿಯ ಮಡಿಲಿಗೆ ಹಾಕಿ ಬಂದಿದ್ದಳು. ತಂಗಿ ಮದುವೆಯನ್ನೂ ಮುಂದೂಡಿ ಆ ಮಗುವನ್ನು ಸಾಕಿದಳು. ಮಗಳಿಗೆ ಈಗ ಹದಿನೇಳು. ಇಪ್ಪತ್ತನಾಲ್ಕನೇ ತಾರೀಖು ತಂಗಿಯ ಹೃದಯಕ್ಕೆ ಆಪರೇಷನ್.

"ಒಂದ್ ಸಲ ಅವಳ ಹಾಸಿಗೆ ಪಕ್ಕ ಕೂತ್ಕೊಬೇಕು ಸಾರ್. ಹನ್ನೊಂದು ವರ್ಷ ಅವಳು ನನ್ ಮಗೂಗೆ ಅಮ್ಮ ಆಗಿದ್ಳು. ಆ ಹುಡುಗಿ ಫೋಟೋ ನನ್ ಥರಾನೇ ಕಾಣ್ತು. ಹೋಗ್ಬಿಡ್ಬಹುದು ಅನ್ಕೊಂಡೆ. ರಾತ್ರಿ ಕಳೆದ್ಮೇಲೆ ಬುದ್ಧಿ ಬಂತು, ಏರ್‌ಪೋರ್ಟಲ್ಲಿ ಬೆರಳಚ್ಚು ನೋಡ್ತಾರಂತೆ. ವಾಪಸ್ ಇಡೋಣ ಅಂದ್ರೆ ಅಷ್ಟೊತ್ತಿಗೆ ಅವಳು ಅಳ್ತಾ ಠಾಣೆಗೆ ಹೋಗಾಗಿತ್ತು."

"ನೀವೇ ಮೊದ್ಲು ನಮ್ಮ ಹತ್ರ ಬರ್ಬೇಕಿತ್ತಲ್ಲ ಅಮ್ಮ."

"ನಿಮಗೇ ಹೆದರಿ ಹನ್ನೊಂದು ವರ್ಷ ಕೂತಿದ್ದು ಸಾರ್."

ಇನ್ಸ್‌ಪೆಕ್ಟರ್ ಪಂಚರನ್ನು ಕೆಳಗೆ ಕರೆಸಿದರು.

ಜಪ್ತಿ ಪಂಚನಾಮೆ ಮುಗಿದಾಗ ಮೂರು ಇಪ್ಪತ್ತು. ಅವಳನ್ನು ಬಂಧಿಸಿ ಮೆಟ್ಟಿಲು ಹತ್ತಿಸಿದರು. ಮೇಲೆ ಹುಡುಗಿ ನಿಂತಿದ್ದಳು. ಮೊದಲು ಪಾಸ್‌ಪೋರ್ಟ್ ನೋಡಿ ಅವಳ ಮುಖ ಅರಳಿತು. ಆಮೇಲೆ ಅಕ್ಕನನ್ನು ನೋಡಿದಳು.

"ಅಕ್ಕಾ, ನೀನಾ?"

"ಹೂಂ ಕಣೇ. ತಪ್ಪಾಯ್ತು."

ಹುಡುಗಿ ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ದೂರು ವಾಪಸ್ ತಗೋತೀನಿ ಸಾರ್. ಆ ಜ್ವರದಲ್ಲಿ ನನ್ ಪಾಲಿಗೆ ಇದ್ದಿದ್ದು ಇವಳೊಬ್ಳೇ. ಇವಳಿಲ್ದಿದ್ರೆ ಶುಕ್ರವಾರ ಅನ್ನೋದೇ ನಂಗಿರ್ತಿರ್ಲಿಲ್ಲ."

"ಎಫ್‌ಐಆರ್ ಆದ್ಮೇಲೆ ಅದು ನನ್ ಕೈಲಿಲ್ಲಮ್ಮ. ಇದನ್ನೇ ನಾಳೆ ನ್ಯಾಯಾಧೀಶರ ಮುಂದೆ ಹೇಳು. ಪಾಸ್‌ಪೋರ್ಟೂ ಅಲ್ಲೇ ಬಿಡಿಸಿಕೊಡ್ತೀನಿ, ಶುಕ್ರವಾರಕ್ಕೆ ನಿನ್ ಕೈಲಿರುತ್ತೆ."

ಠಾಣೆಯಲ್ಲಿ ಕಾರ್ಬನ್ ಬಂಧನದ ಪತ್ರ ತುಂಬಿದ. ಆರೋಪಿ ಪರದೇಶದವಳಾದ್ದರಿಂದ ಇನ್ನೊಂದು ಪತ್ರವನ್ನೂ ತುಂಬಬೇಕಿತ್ತು, ಆಕೆಯ ದೇಶದ ದೂತಾವಾಸಕ್ಕೆ. ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ಮರಳುವ ಕಾಗದ ಮಾಡಿಕೊಡುವುದು ಅವರ ಕೆಲಸ. ಅದರ ಮೇಲ್ಗಡೆ ಇನ್ಸ್‌ಪೆಕ್ಟರ್ ಕೈಯಾರೆ 'ತುರ್ತು' ಎಂದು ಬರೆದು, ಆಪರೇಷನ್ ತಾರೀಖನ್ನೂ ಸೇರಿಸಿದರು. ಈ ಸಲ ಎರಡು ಸಾಲದು, ಮೂರು ಪ್ರತಿ ತೆಗಿ ಎಂದರು. ಕಾರ್ಬನ್ ಆಗಲೇ ನಾಲ್ಕು ತೆಗೆದಿದ್ದ.

"ಬಂಧನದ ವಿಷಯ ಯಾರಿಗೆ ತಿಳಿಸ್ಬೇಕು?"

"ತಂಗಿಗೆ."

ಠಾಣೆಯ ಫೋನಿನಲ್ಲಿ ಕರೆ ಹೋಯಿತು. ಆ ಕಡೆ ಕ್ಷೀಣವಾದ ದನಿ. ಲಾಂಡ್ರಿ ಅಕ್ಕ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನನ್ನ ಪೊಲೀಸರು ಹಿಡಿದ್ರು ಕಣೇ."

ತಂಗಿ ಕೇಳಿದ್ದು ಮೇಜಿನ ಈಚೆಗೂ ಕೇಳಿಸಿತು.

"ಹಾಗಾದ್ರೆ ಊರಿಗೆ ಕಳಿಸ್ತಾರಾ ಅಕ್ಕಾ?"

ಅಕ್ಕ ಇನ್ಸ್‌ಪೆಕ್ಟರ್ ಮುಖ ನೋಡಿದಳು. ಅವರು ಹೌದೆಂದು ತಲೆಯಾಡಿಸಿದರು. ಅಲ್ಲಿಯವರೆಗೆ ಒಂದು ಹನಿಯನ್ನೂ ಹಾಕದಿದ್ದ ಹೆಂಗಸು ಆಗ ಅತ್ತಳು. ಅಳುತ್ತಲೇ, ಬಂಧಿಸಿದವರಿಗೆ ಕೈ ಮುಗಿದಳು.

ಗುರುವಾರ ನ್ಯಾಯಾಲಯ ಹುಡುಗಿಯ ಮಾತು ಕೇಳಿತು, ಪಾಸ್‌ಪೋರ್ಟ್ ಬಿಡಿಸಿಕೊಟ್ಟಿತು, ಅಕ್ಕನಿಗೆ ಜಾಮೀನು ಕೊಟ್ಟಿತು. ಜಾಮೀನಿಗೆ ಸಹಿ ಹಾಕಲು ಚಿಲಕದ ಮ್ಯಾನೇಜರೇ ಬಂದಿದ್ದ. ಶುಕ್ರವಾರ ಹನ್ನೊಂದು ಇಪ್ಪತ್ತೈದಕ್ಕೆ ಪರವಾನಗಿ ಸಿಕ್ಕಿತೆಂದು ಫೋನು ಬಂತು. ಹುಡುಗಿ ಮೂರು ಸಲ ಥ್ಯಾಂಕ್ಸ್ ಹೇಳಿದಳು, ಆಮೇಲೆ ಅಕ್ಕನ ಕಾಗದ ಎಲ್ಲಿಗೆ ಬಂತೆಂದು ಕೇಳಿದಳು. ಅದಿನ್ನೂ ದೂತಾವಾಸದ ಮೇಜಿನ ಮೇಲಿತ್ತು. ಇನ್ಸ್‌ಪೆಕ್ಟರ್ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅಲ್ಲಿಗೆ ಫೋನು ಮಾಡುತ್ತಿದ್ದರು. ಇಪ್ಪತ್ತೊಂದಕ್ಕೆ ಪ್ರಕರಣ ರಾಜಿಯಲ್ಲಿ ಮುಗಿಯಿತು. ಇಪ್ಪತ್ತೆರಡಕ್ಕೆ ಕಾಗದ ಬಂತು.

ಆ ಸಂಜೆ ಇನ್ಸ್‌ಪೆಕ್ಟರ್ ಕೇಸ್ ಡೈರಿಯ ಕೊನೆಯ ಪುಟ ಬರೆದರು. ಉದ್ದೇಶ ಎಂಬ ಕಡೆ ಅವರು ಬರೆದದ್ದು ಇಷ್ಟು: ಆರೋಪಿಗೆ ದುಡ್ಡಿನ ಆಸೆ ಇರಲಿಲ್ಲ. ತನ್ನ ಮಗಳನ್ನು ಸಾಕಿದ ತಂಗಿಯನ್ನು ನೋಡಲು ಹೋಗಬೇಕಿತ್ತು. ಹೋಗಲು ನೇರವಾದ ದಾರಿಯೊಂದಿದೆ ಎಂದು ಹನ್ನೊಂದು ವರ್ಷದಲ್ಲಿ ಆಕೆಗೆ ಯಾರೂ ಹೇಳಿರಲಿಲ್ಲ.