ಹನ್ನೊಂದನೆಯ ಮನೆ

"ಗೋಡೆಗೆ ಒರಗಬೇಡ ಪುಟ್ಟಿ. ಮೊನ್ನೆ ತಾನೆ ಪೇಂಟ್ ಮಾಡಿಸಿದ್ದು," ಎಂದರು ಓನರಮ್ಮ.

ಚೂಟಿ ಥಟ್ಟನೆ ನೆಟ್ಟಗಾದಳು. ಎರಡು ರೂಮು, ಚಿಕ್ಕ ಅಡುಗೆಮನೆ, ಬೀದಿಗೆ ತೆರೆಯುವ ದೊಡ್ಡ ಕಿಟಕಿ. ಗೋಡೆಗಳಿಗೆ ಬೆಣ್ಣೆಯ ಬಣ್ಣ. ಹುಡುಕಿದರೂ ಒಂದು ಕಲೆ ಇಲ್ಲ.

ಇದು ಅವಳೂ ಅಮ್ಮನೂ ನೋಡುತ್ತಿದ್ದ ಹನ್ನೊಂದನೆಯ ಮನೆ. ಒಂದರಲ್ಲಿ ಒಲೆಯ ಪಕ್ಕದಲ್ಲೇ ಟಾಯ್ಲೆಟ್ಟಿನ ಬಾಗಿಲಿತ್ತು. ಇನ್ನೊಂದಕ್ಕೆ ಕಿಟಕಿಯೇ ಇರಲಿಲ್ಲ. "ಫ್ಯಾನ್ ಇದೆಯಲ್ಲ!" ಎಂದಿದ್ದ ಅದರ ಮಾಲೀಕ. ಮತ್ತೊಬ್ಬ, "ನಿಮ್ಮ ಮಕ್ಕಳು ಮನೆಯೊಳಗೆ ಓಡಾಡ್ತಾರಾ?" ಎಂದು ಕೇಳಿದ್ದ. "ಇಲ್ಲ, ಗೂಟಕ್ಕೆ ಕಟ್ಟಿರ್ತೀವಿ," ಎಂದು ಹೇಳಿ ಅಮ್ಮ ಸರಸರ ಮೆಟ್ಟಿಲಿಳಿದು ಬಂದಿದ್ದಳು.

ಈಗಿರುವ ಮನೆಯನ್ನು ಅದರ ಮಾಲೀಕರು ಮಾರಿಬಿಟ್ಟಿದ್ದರು. ಖಾಲಿ ಮಾಡಲು ಉಳಿದದ್ದು ಒಂಬತ್ತೇ ದಿನ. ಈ ಬಡಾವಣೆಯಲ್ಲಿ ಸಿಗದಿದ್ದರೆ ಊರಾಚೆ ಹೋಗಬೇಕು. ಅಲ್ಲಿಗೆ ಹೋದರೆ ಚೂಟಿಯ ಸ್ಕೂಲೂ ಬಿಟ್ಟಂತೆ, ಅಮ್ಮನ ಗಾರ್ಮೆಂಟ್ಸ್ ಕೆಲಸವೂ ಬಿಟ್ಟಂತೆ.

ಈ ಮನೆಯಾದರೆ ಸ್ಕೂಲಿಗೆ ಮೂರೇ ಬೀದಿ. ಬಾಡಿಗೆ ಎಷ್ಟೆಂದು ಕೇಳಿದ ಅಮ್ಮ, ತನ್ನ ಕಿವಿಯನ್ನೇ ನಂಬದೆ ಎರಡನೇ ಸಲ ಕೇಳಿದ್ದಳು. ಅಷ್ಟು ಕಡಿಮೆ.

"ಇನ್ನೊಂದು ಪಾರ್ಟಿ ಐದು ಗಂಟೆಗೆ ಬರ್ತಿದೆ. ಬೇಗ ಹೇಳಿ," ಎಂದರು ಓನರಮ್ಮ.

"ಇವರಪ್ಪ ಒಂದ್ಸಲ ನೋಡ್ಬಿಡ್ಲಿ. ಚೂಟಿ, ಬೇಕರಿ ಹತ್ರ ಬಂದಿರ್ತಾರೆ. ಓಡು, ಕರ್ಕೊಂಡು ಬಾ."

ಚೂಟಿ ಓಡಿದಳು. ಬೇಕರಿಯ ಮುಂದೆ ಅಪ್ಪ ಸೈಕಲ್ ಹಿಡಿದು ನಿಂತಿದ್ದ. ಅವನು ಪೇಂಟರು. ಕೂದಲಲ್ಲಿ ಒಂದು ಬಣ್ಣ, ಹುಬ್ಬಿನಲ್ಲಿ ಇನ್ನೊಂದು.

"ಅಪ್ಪಾ, ಸೂಪರ್ ಮನೆ! ಗುಂಡನ ಹಾಸಿಗೆ ಎಲ್ಲಿ ಅಂತಾನೂ ಡಿಸೈಡ್ ಮಾಡ್ಬಿಟ್ಟೆ. ಒಳಗಿನ ರೂಮಿನ ಮೂಲೇಲಿ."

ಗುಂಡ ಅವಳ ನಾಲ್ಕು ವರ್ಷದ ತಮ್ಮ. ಅವನಿಗೆ ಉಬ್ಬಸ. ಥಂಡಿ ತಾಗಿದರೆ ಸಾಕು, ಎದೆಯಲ್ಲಿ ಸೀಟಿ ಊದಿದಂತೆ ಸದ್ದು ಬರುತ್ತಿತ್ತು.

ಮಾತಾಡುತ್ತ ತಿರುವಿಗೆ ಬಂದರು. ಹಸಿರು ಗೇಟು ಕಂಡದ್ದೇ ತಡ, ಅಪ್ಪ ಗಕ್ಕನೆ ನಿಂತ.

"ಇದಾ?"

"ಹೂಂ. ಮೇಲಿನದು. ಯಾಕಪ್ಪಾ?"

ಅಪ್ಪ ಗೇಟು ತಳ್ಳಿದ. ಸೈಕಲ್ ನಿಲ್ಲಿಸಿ ಮೆಟ್ಟಿಲು ಹತ್ತಿದ.

ಬಾಗಿಲಲ್ಲಿ ಅವನನ್ನು ಕಂಡು ಓನರಮ್ಮ, "ಏನು ಪೇಂಟರಪ್ಪ, ಬ್ರಶ್ ಬಿಟ್ಟು ಹೋಗಿದ್ಯಾ?" ಎಂದರು.

"ಇವರು ನಮ್ಮನೆಯವರು," ಎಂದಳು ಅಮ್ಮ. ಓನರಮ್ಮನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

ಅಮ್ಮನಿಗೆ ಮಾತ್ರ ಖುಷಿಯೋ ಖುಷಿ. "ರೀ, ಇದನ್ನ ನೀವೇ ಬಳಿದಿದ್ದಾ? ಮತ್ತೆ ನೋಡೋದೇನಿದೆ? ಹೂಂ ಅಂದ್ಬಿಡಿ."

"ಬೇಡ," ಎಂದ ಅಪ್ಪ.

"ಏನು?"

"ಈ ಮನೆ ಬೇಡ. ನಡಿ ಹೋಗೋಣ."

"ತಲೆ ಕೆಟ್ಟಿದೆಯೇನ್ರೀ? ಇರೋದು ಒಂಬತ್ತೇ ದಿನ! ಹತ್ತನೇ ದಿನ ಪಾತ್ರೆ ಪಗಡ ಹೊತ್ತು ಎಲ್ಲಿಗೆ ಹೋಗೋದು? ನಿಮ್ಮ ಪೇಂಟ್ ಡಬ್ಬದೊಳಗೆ ಸಂಸಾರ ಮಾಡೋದಾ?"

ಅಪ್ಪ ಓನರಮ್ಮನ ಮುಖ ನೋಡಿದ. ಆಮೇಲೆ ನೆಲ ನೋಡಿದ. ಜೇಬಿನಿಂದ ಪಟ್ಟಿ ಕರಣೆ ತೆಗೆದ. ಬಣ್ಣಕ್ಕೆ ಮೊದಲು ಗೋಡೆ ನುಣುಪಾಗಲೆಂದು ಪಟ್ಟಿ ಎನ್ನುವ ಬಿಳಿ ಪೇಸ್ಟನ್ನು ಮೆತ್ತುವ, ಅಂಗೈ ಅಗಲದ ತಗಡು ಅದು. ಸೀದಾ ಒಳಗಿನ ರೂಮಿನ ಮೂಲೆಗೆ ಹೋಗಿ, ಮೊಣಕಾಲೂರಿ, ಗೋಡೆಗೆ ಕರಣೆ ಚುಚ್ಚಿದ.

"ಏಯ್, ಏನು ಮಾಡ್ತಿದ್ದೀಯ?" ಓನರಮ್ಮ ಕೂಗಿದರು.

ಪರಕ್ ಎಂದು ಬಣ್ಣ ಕಿತ್ತು ಬಂತು. ಅದರ ಹಿಂದೆಯೇ ಒದ್ದೆ ಪಟ್ಟಿ, ಹೆಂಟೆ ಹೆಂಟೆಯಾಗಿ. ಒಳಗೆ ಗೋಡೆ ಕಪ್ಪಗಿತ್ತು. ನೀರು ಜಿನುಗುತ್ತಿತ್ತು. ಗೋಣಿಚೀಲದಲ್ಲಿ ಕೊಳೆತ ತರಕಾರಿಯ ಹಾಗೆ ವಾಸನೆ ಬಂತು.

ಚೂಟಿ ಮೂಗು ಮುಚ್ಚಿಕೊಂಡಳು. ಗುಂಡನ ತಲೆದಿಂಬು ಇಡಲು ಅವಳು ಆರಿಸಿದ್ದು ಇದೇ ಜಾಗವನ್ನು.

"ಗೋಡೆ ಆಚೆ ಬಚ್ಚಲ ಪೈಪು ಒಡೆದಿದೆ," ಎಂದ ಅಪ್ಪ. "ಪೂರ್ತಿ ರೂಮೇ ಹೀಗಿದೆ."

ಓನರಮ್ಮ ಕೆಂಡವಾದರು. "ಈಗ ದೊಡ್ಡ ಸತ್ಯಹರಿಶ್ಚಂದ್ರ ಆಗ್ಬಿಟ್ಯಾ? 'ಎರಡು ತಿಂಗಳು ಏನೂ ಕಾಣಲ್ಲಮ್ಮ, ಅಷ್ಟರಲ್ಲಿ ಯಾರಾದ್ರೂ ಬಾಡಿಗೆಗೆ ಬಂದಿರ್ತಾರೆ' ಅಂದಿದ್ದು ಯಾರು? ನೀನೇ ತಾನೆ?"

ಇಲ್ಲ ಎನ್ನಲಿ, ಸುಳ್ಳು ಎನ್ನಲಿ ಎಂದು ಚೂಟಿ ಅಪ್ಪನ ಬಾಯನ್ನೇ ನೋಡಿದಳು.

ಅಪ್ಪ ಕರಣೆ ಒರೆಸಿ ಜೇಬಿಗಿಟ್ಟ, ಅಷ್ಟೇ.

"ಮೇಲೆ ತಳುಕು, ಒಳಗೆ ಹುಳುಕು," ಎಂದಳು ಅಮ್ಮ ಮೆಲ್ಲಗೆ. ಅದು ಗೋಡೆಗೆ ಹೇಳಿದ್ದೋ ಅಪ್ಪನಿಗೋ ತಿಳಿಯಲಿಲ್ಲ. ಚೂಟಿಯ ಕೈ ಹಿಡಿದು ಕೆಳಗಿಳಿದಳು. ಅಪ್ಪ ಹಿಂದಿನಿಂದ ಬಂದ.

ಗೇಟಿನ ಹತ್ತಿರ ಒಬ್ಬ ಹೆಂಗಸು ಒಳಗೆ ಬರುತ್ತಿದ್ದಳು. ಸೊಂಟದ ಮೇಲೊಂದು ಕೂಸು, ಸೆರಗು ಹಿಡಿದ ಹುಡುಗಿಯೊಬ್ಬಳು. ಐದು ಗಂಟೆಯ ಪಾರ್ಟಿ.

"ಮನೆ ನಿಮಗಾಯ್ತಾ ಅಕ್ಕಾ?" ಹೆಂಗಸು ಹೆದರಿಕೊಂಡೇ ಕೇಳಿದಳು.

"ಇಲ್ಲಮ್ಮ," ಎಂದಳು ಅಮ್ಮ.

ಅಪ್ಪ ಮುಂದೆ ಬಂದ. "ತಂಗೀ, ಒಳಗಿನ ರೂಮಿನ ಗೋಡೆ ಪೂರ್ತಿ ಒದ್ದೆ. ಚೆನ್ನಾಗಿ ಕಾಣೋ ಹಾಗೆ ಬಳಿದವನು ನಾನೇ. ಕೂಸು ಬೇರೆ ಇದೆ. ತಗೋಬೇಡ."

ಹೆಂಗಸಿನ ಮುಖ ಸಣ್ಣದಾಯಿತು. ಅಪ್ಪನನ್ನು ನೋಡಿದಳು, ಮೆಟ್ಟಿಲು ನೋಡಿದಳು.

"ಹೊರಗಿನ ರೂಮು?"

"ಅದು... ಅಷ್ಟಿಲ್ಲ."

"ನಾಳೆ ನಾವು ಖಾಲಿ ಮಾಡ್ಬೇಕಣ್ಣ," ಎಂದು ಹೇಳಿ ಅವಳು ಮಕ್ಕಳೊಡನೆ ಮೇಲೆ ಹತ್ತಿದಳು.

ಗೋಡೆ ನೋಡಿದರೆ ಓಡಿ ಬರುತ್ತಾಳೆ ಎಂದುಕೊಂಡಳು ಚೂಟಿ. ಮೆಟ್ಟಿಲ ಮೇಲೇ ಕಣ್ಣಿಟ್ಟು ನಿಂತಳು. ಅಮ್ಮ ನಡಿ ಎಂದರೂ ಕದಲಲಿಲ್ಲ.

ಯಾರೂ ಬರಲಿಲ್ಲ. ಮೇಲಿನ ಕಿಟಕಿ ತೆರೆಯಿತು. ಆ ಹೆಂಗಸು ಕೂಸನ್ನು ಸೊಂಟದಲ್ಲಿಟ್ಟುಕೊಂಡೇ, ಕಿಟಕಿಯ ಅಗಲವನ್ನು ಗೇಣು ಹಾಕಿ ಅಳೆಯುತ್ತಿದ್ದಳು. ಒಂದು ಗೇಣು, ಎರಡು ಗೇಣು, ಮೂರು. ಪರದೆಗೆ.

ಅಪ್ಪನೂ ಅದನ್ನೇ ನೋಡುತ್ತಿದ್ದ.

"ಅಪ್ಪಾ," ಎಂದಳು ಚೂಟಿ. ಗೋಡೆಯ ಬಣ್ಣ ಕಿತ್ತು ಬಂದ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. "ಆ ಪೈಪು ರಿಪೇರಿ ಮಾಡೋಕೆ ಎಷ್ಟು ಹೊತ್ತು ಬೇಕು?"

"ಅರ್ಧ ದಿನ."

"ಅಷ್ಟೇನಾ?"

"ಅಷ್ಟೇ," ಎಂದ ಅಪ್ಪ. ಸೈಕಲ್ಲಿನ ಸ್ಟ್ಯಾಂಡ್ ತೆಗೆಯದೆ, ಮತ್ತೆ ಗೇಟಿನ ಕಡೆ ತಿರುಗಿದ.