ಮೂವತ್ತೊಂದನೆಯ ಹಾಳೆ

ಫೆಬ್ರವರಿ 9, ಸೋಮವಾರ, ಬೆಳಿಗ್ಗೆ 9.20ಕ್ಕೆ ಪ್ರೌಢಶಾಲೆಯ ಡ್ರಾಯಿಂಗ್ ಮೇಷ್ಟ್ರು ಠಾಣೆಗೆ ಬಂದರು. ಅಂಗಿಯ ತೋಳಿನ ಮೇಲೆ ಹಳೆಯ ನೀಲಿ ಬಣ್ಣದ ಕಲೆಯಿತ್ತು. ಕೂರಲು ಹೇಳಿದರೂ ಕೂರಲಿಲ್ಲ. ಪುರಸಭೆಯ ಸಭಾಂಗಣದಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳ ಚಿತ್ರ ಪ್ರದರ್ಶನ ನಡೆಯುತ್ತಿದೆ, ಅರವತ್ತನಾಲ್ಕು ಚಿತ್ರಗಳಿವೆ, ಬುಧವಾರ ತೀರ್ಪು, ಮೊದಲು ಬಂದವರಿಗೆ ಕಲಾಶಾಲೆಯಲ್ಲಿ ಹಾಸ್ಟೆಲ್ ಸಮೇತ ಸೀಟು. ತಮ್ಮ ಹತ್ತನೇ ತರಗತಿಯ ಹುಡುಗಿಯೊಬ್ಬಳ ಚಿತ್ರವನ್ನು ಯಾರೋ ಹಾಳುಮಾಡಿದ್ದಾರೆ. ಇಷ್ಟನ್ನು ಅವರು ಎರಡೆರಡು ಸಲ ಹೇಳಿದರು.

ಠಾಣೆಯ ರೈಟರ್ ಪೆನ್ನು ಎತ್ತಿಕೊಂಡು, ಹಾಳಾದ ವಸ್ತುವಿನ ವಿವರ ಏನು ಬರೆಯಲಿ ಎಂದು ಕೇಳಿದ.

"ಎಣ್ಣೆ ಬಣ್ಣದ ಚಿತ್ರ. ಒಬ್ಬ ಮನುಷ್ಯ ಸ್ಟೂಲ್ ಮೇಲೆ ಕೂತು ನಿದ್ದೆ ಮಾಡ್ತಿದಾನೆ."

'ಮಲಗಿದ ಮನುಷ್ಯ, ಒಂದು' ಎಂದು ರೈಟರ್ ಬರೆದ. ಮೇಷ್ಟ್ರು ಅದನ್ನು ಓದಿ ಕೆಳಗೆ ಸಹಿ ಹಾಕಿದರು. 9.45ಕ್ಕೆ ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಇನ್ಸ್‌ಪೆಕ್ಟರ್, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಮತ್ತು ಠಾಣೆಯವರೆಲ್ಲ 'ಕನ್ನಡಕ' ಎಂದೇ ಕರೆಯುವ ಹಿರಿಯ ಕಾನ್‌ಸ್ಟೇಬಲ್ ಸಭಾಂಗಣ ತಲುಪಿದರು. ಉದ್ದನೆಯ ಕೋಣೆ. ತಗಡಿನ ಕುರ್ಚಿಗಳನ್ನು ಒಂದು ಮೂಲೆಗೆ ಒಟ್ಟಿದ್ದರು. ಇಪ್ಪತ್ತೇಳನೇ ನಂಬರಿನ ಚಿತ್ರದಲ್ಲಿ ಇಟ್ಟಿಗೆ ಗೋಡೆಗೆ ಒರಗಿ ಕೂತವನ ಮುಖವಿರಲಿಲ್ಲ. ಅಲ್ಲಿ ಕೊಳೆ ನೀರಿನ ಬಣ್ಣದ ಒಂದು ಗುಂಡು ಕಲೆ ಇತ್ತು. ಅವನ ತಲೆಯ ಮೇಲೆ ಗೋಡೆ ಗಡಿಯಾರವಿತ್ತೆಂದು ಜೊತೆಗೆ ಬಂದಿದ್ದ ಮೇಷ್ಟ್ರು ತೋರಿಸಿದ ಜಾಗವನ್ನೂ ಹಾಗೆಯೇ ಒರೆಸಲಾಗಿತ್ತು. ಉಳಿದದ್ದೆಲ್ಲ ಇದ್ದ ಹಾಗೇ ಇತ್ತು: ದಪ್ಪ ಕೊಳವೆಗಳು, ಮಾಸಿದ ಅಂಗಿ, ತೊಡೆಯ ಮೇಲೆ ಮಲಗಿದ ಎರಡು ಕೈಗಳು.

ಎಣ್ಣೆ ಬಣ್ಣ ಒಳಗೆಲ್ಲ ಒಣಗಲು ತಿಂಗಳುಗಳೇ ಬೇಕು, ಸ್ಪಿರಿಟ್ ತಾಕಿಸಿದರೆ ಎದ್ದು ಬರುತ್ತದೆ ಎಂದು ಮೇಷ್ಟ್ರು ವಿವರಿಸಿದರು. ಕಸದ ಬುಟ್ಟಿಯಲ್ಲಿ ಸ್ಪಿರಿಟ್ ವಾಸನೆಯ ಬಿಳಿ ಬಟ್ಟೆಯ ತುಂಡು ಸಿಕ್ಕಿತು. ಅದರ ಅಂಚಿನಲ್ಲಿ ಕೆಂಪು ದಾರದ ಮೂರು ಹೊಲಿಗೆಗಳಿದ್ದವು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮುಗಿಸಿ ಅದನ್ನು ವಶಕ್ಕೆ ತೆಗೆದುಕೊಂಡರು.

ಇನ್ಸ್‌ಪೆಕ್ಟರನ್ನು ಕಾಡಿದ್ದು ಬೇರೆ. ಚಿತ್ರವನ್ನು ಕೆಳಗಿಳಿಸಿ ಒರೆಸಿದ ಗುರುತು ನೆಲದ ಮೇಲಿತ್ತು. ಮತ್ತೆ ಅದನ್ನು ಮೊಳೆಗೆ, ಸ್ವಲ್ಪವೂ ಓರೆಯಾಗದಂತೆ ತೂಗುಹಾಕಿದ್ದರು. ಹೊಟ್ಟೆಕಿಚ್ಚಿನವರು ಹರಿದು ಬಿಸಾಡಿ ಹೋಗುತ್ತಾರೆ, ನೇರ ಮಾಡಿ ಹೋಗುವುದಿಲ್ಲ. ಆ ಕೊಳವೆಗಳನ್ನು ಎಲ್ಲೋ ನೋಡಿದ್ದೇನೆ ಎಂದೂ ಅವರಿಗೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಸಭಾಂಗಣದ ಜವಾನನ ಹೇಳಿಕೆ ಚಿಕ್ಕದು. ಭಾನುವಾರ ಹತ್ತರಿಂದ ಐದರವರೆಗೆ ಮಕ್ಕಳ ಮನೆಯವರಿಗೆ ಪ್ರವೇಶವಿತ್ತು. ಒಂದರಿಂದ ಎರಡರವರೆಗೆ ನಾನು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತಿದ್ದೆ. ಬಾಗಿಲು ಹಾಕಿರಲಿಲ್ಲ.

ಯಾರ ಮೇಲಾದರೂ ಅನುಮಾನವಿದೆಯೇ ಎಂದಾಗ ಮೇಷ್ಟ್ರು ಹಿಂಜರಿಯುತ್ತಲೇ ಪಕ್ಕದ ಇಪ್ಪತ್ತೆಂಟನೇ ಚಿತ್ರದ ಹುಡುಗನನ್ನು ಹೆಸರಿಸಿದರು. ಅವನೂ ಅವರ ಶಿಷ್ಯನೇ. ಇದರ ಪಕ್ಕ ನೇತುಹಾಕಿದರೆ ನನ್ನದನ್ನು ಯಾರು ನೋಡುತ್ತಾರೆ ಎಂದು ಶುಕ್ರವಾರ ಗೊಣಗಿದ್ದನಂತೆ.

12.15ಕ್ಕೆ ಶಾಲೆಯ ಸ್ಟಾಫ್ ರೂಮಿನಲ್ಲಿ, ತಾಯಿಯ ಎದುರಿನಲ್ಲೇ ಹುಡುಗನನ್ನು ವಿಚಾರಿಸಲಾಯಿತು. ಭಾನುವಾರ ಇಡೀ ದಿನ ಅವನು ಅತ್ತೆಯ ಮನೆಯಲ್ಲಿದ್ದ. ತಾಯಿ ಅಲ್ಲಿಯ ಫೋನ್ ನಂಬರ್ ಕೊಟ್ಟಳು.

"ಆ ಚಿತ್ರ ಕಂಡ್ರೆ ನಿನಗೆ ಹೊಟ್ಟೆಕಿಚ್ಚು ಇತ್ತಾ?"

"ಇತ್ತು ಸಾರ್."

"ಮತ್ತೆ?"

"ನಾನು ಹಾಳುಮಾಡೋದಾದ್ರೆ ಮುಖ ಯಾಕೆ ಒರೆಸ್ತೀನಿ? ಕೈ ಒರೆಸ್ತಿದ್ದೆ. ಆ ಚಿತ್ರದಲ್ಲಿ ಇರೋದೇ ಕೈ. ಅಂಥ ಕೈ ನಂಗೆ ಇನ್ನೂ ಬರಲ್ಲ."

ತಾಯಿ ಅವನ ತಲೆಗೆ ಮೆಲ್ಲಗೆ ಮೊಟಕಿದಳು. ಇನ್ಸ್‌ಪೆಕ್ಟರ್ ಮಾತ್ರ ಆ ಮಾತನ್ನು ಬರೆದುಕೊಂಡರು. ಹೊರಡುವಾಗ ಹುಡುಗ ಕೇಳದೆಯೇ ಇನ್ನೊಂದು ವಿಷಯ ಹೇಳಿದ. ಪ್ರತಿ ಚಿತ್ರದ ಕೆಳಗೆ ಬರೆದವರ ಸ್ಕೆಚ್ ಪುಸ್ತಕ ಇಡಬೇಕೆಂದು ಈ ವರ್ಷ ನಿಯಮ ಬಂದಿದೆ. ಮೇಷ್ಟ್ರು ಪ್ರತಿ ಹಾಳೆಗೂ ತಾವೇ ನಂಬರ್ ಹಾಕಿ ಕೊಡುತ್ತಾರೆ, ಕೆಟ್ಟ ಚಿತ್ರವನ್ನೂ ಹರಿಯಕೂಡದು. ಮೂಲೆಯಲ್ಲಿ ತಾರೀಖು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆಯಲೇಬೇಕು. "ಅವಳ ಪುಸ್ತಕ ನೋಡಿದ್ರಾ?" ಎಂದು ಕೇಳಿದ.

ನೋಡಿರಲಿಲ್ಲ. ಪಂಚನಾಮೆಯಲ್ಲಿ 'ಮೇಜಿನ ಮೇಲೆ ಪುಸ್ತಕ, ಒಂದು' ಎಂದು ಮಾತ್ರ ಇತ್ತು. ಇನ್ಸ್‌ಪೆಕ್ಟರಿಗೆ ತಮ್ಮ ಮೇಲೇ ಸಿಟ್ಟು ಬಂತು.

1.10ಕ್ಕೆ ಮತ್ತೆ ಸಭಾಂಗಣ. ದಾರ ಕಟ್ಟಿದ ಪುಸ್ತಕದಲ್ಲಿ ಮೂವತ್ತನೆಯ ಹಾಳೆಯ ನಂತರ ಮೂವತ್ತೆರಡು ಇತ್ತು. ನಡುವಿನದನ್ನು ಅಳತೆಪಟ್ಟಿಯಿಟ್ಟು ಹರಿದಷ್ಟು ನೀಟಾಗಿ ತೆಗೆದಿದ್ದರು. ಹಿರಿಯ ಕಾನ್‌ಸ್ಟೇಬಲ್ 'ಕನ್ನಡಕ' ಮೂವತ್ತೆರಡನೆಯ ಹಾಳೆಗೆ ಅಡ್ಡಲಾಗಿ ಟಾರ್ಚ್ ಹಿಡಿದ. ಹುಡುಗಿ ಪೆನ್ಸಿಲನ್ನು ಒತ್ತಿ ಬರೆಯುವವಳು. ಹಿಂದಿನ ಹಾಳೆಯ ಗೆರೆಗಳು ಇದರ ಮೇಲೆ ತೆಳುವಾಗಿ ಅಚ್ಚೊತ್ತಿದ್ದವು. ಗೋಡೆಗೆ ಒರಗಿದ ತಲೆ, ಸ್ಟೂಲು. ಕೆಳಗಿನ ಮೂಲೆಯಲ್ಲಿ ಅಂಕಿಗಳು.

"ಓದು."

"ನವೆಂಬರ್ 18 ಸಾರ್. ಮಧ್ಯಾಹ್ನ 2.10ರಿಂದ 2.35."

ಇನ್ಸ್‌ಪೆಕ್ಟರ್ ಅಲ್ಲೇ ಇದ್ದ ತಗಡಿನ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. ಕೊಳವೆಗಳನ್ನು ಎಲ್ಲಿ ನೋಡಿದ್ದು ಎಂದು ಈಗ ನೆನಪಾಯಿತು.

ನವೆಂಬರ್ 18ರಂದು ಮಧ್ಯಾಹ್ನ 2.40ಕ್ಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ಸಿಡಿದು ಸಹಾಯಕನೊಬ್ಬ ಸತ್ತಿದ್ದ. ತನಿಖೆ ಮಾಡಿದ್ದು ಇದೇ ಠಾಣೆ. ಎರಡು ಗಂಟೆಯಿಂದ ನಾನು ಒತ್ತಡ ತೋರಿಸುವ ಮಾಪಕದ ಮುಳ್ಳನ್ನೇ ನೋಡುತ್ತ ನಿಂತಿದ್ದೆ, ಮುಳ್ಳು ಏರಿದಾಗ ವಾಲ್ವ್ ತೆರೆಯಲು ಹೇಳಿದೆ, ಸಹಾಯಕ ಕೇಳಲಿಲ್ಲ ಎಂದು ಬಾಯ್ಲರ್ ಆಪರೇಟರ್ ಹೇಳಿಕೆ ಕೊಟ್ಟಿದ್ದ. ಸತ್ತವನದೇ ಅಜಾಗರೂಕತೆ ಎಂದು ಬರೆದು, ಒಂಬತ್ತು ದಿನದಲ್ಲಿ ಕಡತ ಮುಚ್ಚಿ ಸಹಿ ಹಾಕಿದ್ದು ಇದೇ ಇನ್ಸ್‌ಪೆಕ್ಟರ್. ಸತ್ತವನ ಹೆಂಡತಿ ಆಮೇಲೆ ಮೂರು ಸಲ ಠಾಣೆಗೆ ಬಂದು, ನನ್ನ ಗಂಡ ಹೇಳಿದ ಮಾತು ಮೀರುವವನಲ್ಲ ಎಂದಿದ್ದಳು. ಮೂರು ಸಲವೂ ಅವಳನ್ನು ನಿಲ್ಲಿಸಿಯೇ ಮಾತಾಡಿ ಕಳಿಸಿದ್ದರು.

"ಈ ಹುಡುಗಿಯ ಅಪ್ಪ ಏನು ಕೆಲಸ ಮಾಡ್ತಾರೆ?" ಎಂದು ಅವರು ಮೇಷ್ಟ್ರನ್ನು ಕೇಳಿದರು. ಉತ್ತರ ಗೊತ್ತಿದ್ದೇ ಕೇಳಿದ್ದು.

2.30ಕ್ಕೆ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ, ಮೇಷ್ಟ್ರು ಮತ್ತು ಮಹಿಳಾ ಕಾನ್‌ಸ್ಟೇಬಲ್ ಎದುರು ಹುಡುಗಿಯನ್ನು ಮಾತಾಡಿಸಲಾಯಿತು. ತಾಯಿ ಇಲ್ಲ, ಮನೆಯಲ್ಲಿ ಇರುವುದು ಅಪ್ಪ ಮಗಳು ಇಬ್ಬರೇ. ಪರೀಕ್ಷೆಯ ದಿನಗಳಲ್ಲಿ ಶಾಲೆ ಬೇಗ ಬಿಡುತ್ತಿತ್ತು, ಅವಳು ಅಪ್ಪನಿಗೆ ಊಟದ ಡಬ್ಬಿ ಒಯ್ಯುತ್ತಿದ್ದಳು. ಆ ದಿನ ಅಪ್ಪ ನಿದ್ದೆ ಹೋಗಿದ್ದರು. ಎಬ್ಬಿಸಲಿಲ್ಲ.

"ಯಾಕೆ ಎಬ್ಬಿಸಲಿಲ್ಲಮ್ಮ?"

"ನಿದ್ದೆಯಲ್ಲಿ ಮಾತ್ರ ಅಪ್ಪನ ಹಣೆ ಗಂಟು ಬಿಚ್ಚಿರತ್ತೆ. ಅದನ್ನ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ಬರೆದು, ಡಬ್ಬಿ ಇಟ್ಟು ಹೋದೆ. ಗೇಟ್ ದಾಟೋವಾಗ ಸದ್ದು ಕೇಳಿಸ್ತು."

ಅಪ್ಪ ಎಚ್ಚರವಾಗಿದ್ದೆ ಎಂದು ಹೇಳಿಕೆ ಕೊಟ್ಟದ್ದು ಗೊತ್ತೇ ಎಂದಾಗ, ಗೊತ್ತು ಎಂದಳು. ಹೇಳಬೇಕು ಅನಿಸಲಿಲ್ಲವೇ ಎಂದಾಗ ಉಗುರಿನ ಸಂದಿಯ ಬಣ್ಣವನ್ನು ಕೆರೆಯತೊಡಗಿದಳು.

"ನನ್ನ ಯಾರೂ ಕೇಳ್ಲೇ ಇಲ್ಲ."

ಇನ್ಸ್‌ಪೆಕ್ಟರ್ ಮುಂದಿನ ಪ್ರಶ್ನೆಯನ್ನು ಎರಡು ಸಲ ಮನಸ್ಸಿನಲ್ಲೇ ತಿದ್ದಿ ಕೇಳಿದರು. ಭಾನುವಾರ ಅಪ್ಪ ಬಂದಿದ್ದರೇ?

ಬಂದಿದ್ದರು. ಬರುವುದಿಲ್ಲ ಎಂದವರನ್ನು ಅವಳೇ ಹಠ ಮಾಡಿ ಕರೆತಂದಿದ್ದಳು. ಪ್ರದರ್ಶನಕ್ಕೆ ಕಳಿಸುವವರೆಗೆ ಚಿತ್ರವನ್ನು ಅಪ್ಪನಿಗೆ ತೋರಿಸದೆ ಶಾಲೆಯಲ್ಲೇ ಬಚ್ಚಿಟ್ಟಿದ್ದಳು. ಚಿತ್ರದ ಮುಂದೆ ಅಪ್ಪ ತುಂಬಾ ಹೊತ್ತು ನಿಂತರು. ಇದನ್ನು ಯಾವಾಗ ಬರೆದೆ ಎಂದು ಕೇಳಿದರು. ಅವಳು ಪುಸ್ತಕ ತೆರೆದು ಮೂಲೆಯ ತಾರೀಖಿನ ಮೇಲೆ ಬೆರಳಿಟ್ಟು ತೋರಿಸಿದಳು. ತಾರೀಖು ಹಾಕಿದ್ದನ್ನು ತೋರಿಸುವುದು ಅವಳಿಗೆ ಅಭ್ಯಾಸವಾಗಿತ್ತು. ತೋರಿಸಿದ ಮೇಲೆಯೇ, ಆ ತಾರೀಖು ಅಪ್ಪನ ಹೇಳಿಕೆಯನ್ನು ಸುಳ್ಳು ಮಾಡುತ್ತದೆ ಎಂದು ಹೊಳೆದದ್ದು. ಅಪ್ಪ ಬೈಯಲಿಲ್ಲ, ಚೆನ್ನಾಗಿದೆ ಮಗಳೇ ಎಂದು ಹೇಳಿ ಅವಳನ್ನು ಮನೆಗೆ ಬಿಟ್ಟು, ಕೆಲಸವಿದೆಯೆಂದು ಹೊರಟುಹೋದರು. ಆಗ ಸಮಯ ಒಂದರ ಹತ್ತಿರ.

ಮೇಷ್ಟ್ರು ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಸಂಜೆ 4.50. ಲಾಂಡ್ರಿಯ ಅಂಗಳದಲ್ಲಿ ಹಾಸಿಗೆ ಹೊದಿಕೆಗಳು ಸಾಲಾಗಿ ಒಣಗುತ್ತಿದ್ದವು. ಒಂದೊಂದರ ಅಂಚಿನಲ್ಲೂ ಕೆಂಪು ದಾರದ ಮೂರು ಹೊಲಿಗೆ. ಬಾಯ್ಲರ್ ಆಪರೇಟರ್ ಪೊಲೀಸರನ್ನು ಕಂಡು ಎದ್ದು ನಿಂತ. ಓಡಲಿಲ್ಲ. ಕೈಗಳು ಚಿತ್ರದಲ್ಲಿದ್ದ ಕೈಗಳೇ.

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

"ನಿಮಗೆ ಗೊತ್ತಾಗಿದೆ ಸಾರ್. ಮತ್ಯಾಕೆ ಕೇಳ್ತೀರಿ?"

"ಆ ಹಾಳೆ ಎಲ್ಲಿ?"

ಅವನು ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದುಕೊಟ್ಟ.

"ಬೆಂಕಿ ಎದುರಲ್ಲೇ ಇತ್ತಲ್ಲ. ಯಾಕೆ ಸುಡಲಿಲ್ಲ?"

"ಎರಡು ಸಲ ಹೋದೆ ಸಾರ್. ಮಗಳು ಬರೆದಿದ್ದು. ಕೈ ಬರಲಿಲ್ಲ."

5.10ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲಿ ಅವನು ಎಲ್ಲವನ್ನೂ ನಿಧಾನವಾಗಿ ಹೇಳಿದ. ಎರಡು ಪಾಳಿ ಸೇರಿಸಿ ಮಾಡಿದ ದಿನ ಅದು. ಎಚ್ಚರವಾದಾಗ ಮುಳ್ಳು ಕೆಂಪು ಗೆರೆ ದಾಟಿತ್ತು. ಸಹಾಯಕ ಬಾಯ್ಲರ್ ಸಿಡಿದ ಆಚೆ ಬದಿಯಲ್ಲಿ ಬಟ್ಟೆ ಒಟ್ಟುತ್ತಿದ್ದ, ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಜೈಲಿಗೆ ಹೆದರಿ ಸುಳ್ಳು ಹೇಳಿದ್ದು ನಿಜ. ಚಿತ್ರ ಒರೆಸಿದ್ದಕ್ಕೂ ಅದೇ ಕಾರಣವೇ ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಅರ್ಧ ಅದೇ. ಆದ್ರೆ ಸಾರ್, 2.35ರವರೆಗೆ ಅವಳು ನನ್ನ ಎದುರಿಗೇ ಕೂತಿದ್ದಳು. ಒಂದು ಸಲ ಅಪ್ಪಾ ಅಂದಿದ್ರೆ ಆ ಮನುಷ್ಯ ಉಳೀತಿದ್ದ. ಇದು ಅವಳಿಗೆ ಇನ್ನೂ ಹೊಳೆದಿಲ್ಲ. ಚಿತ್ರದ ಆ ಗಡಿಯಾರ ದಿನಾ ನಮ್ಮ ಮನೆ ಗೋಡೆ ಮೇಲೆ ಇದ್ರೆ ಒಂದು ದಿನ ಹೊಳೆಯತ್ತೆ."

ಈ ಮಾತನ್ನು ಹೇಳಿಕೆಯಲ್ಲಿ ಸೇರಿಸಬೇಕೇ ಎಂದು ರೈಟರ್ ಕೇಳಿದ. ಹೇಳಿಕೆ ಒಂದು ದಿನ ಕಡತದೊಂದಿಗೆ ನ್ಯಾಯಾಲಯಕ್ಕೆ ಹೋಗುತ್ತದೆ, ಅಲ್ಲಿ ಸಾಕ್ಷಿ ಹೇಳಲು ಬರುವ ಹುಡುಗಿಯ ಕಿವಿಗೂ ಬೀಳಬಹುದು. ಇನ್ಸ್‌ಪೆಕ್ಟರ್ ಹಳೆಯ ಕಡತವನ್ನು ತೆರೆದು ತಮ್ಮ ಸಹಿ ನೋಡಿದರು. ನವೆಂಬರಿನಲ್ಲಿ ಬರೆಯಬೇಕಾದ್ದನ್ನು ಬರೆಯದೆ ಬಿಟ್ಟವರು ಅವರೇ.

"ಸೇರಿಸು" ಎಂದರು ಕೊನೆಗೆ.

ಫೆಬ್ರವರಿ 11, ಬುಧವಾರ. ಇಪ್ಪತ್ತೇಳನೇ ಚಿತ್ರ ಸಾಕ್ಷ್ಯವಾಗಿ ಠಾಣೆಯಲ್ಲಿದ್ದುದರಿಂದ ತೀರ್ಪುಗಾರರು ಖಾಲಿ ಮೊಳೆಯನ್ನು ನೋಡಿಕೊಂಡು ಮುಂದೆ ಹೋದರು. ಸೀಟು ಬೇರೆ ಊರಿನ ಶಾಲೆಯೊಂದರ ವಿದ್ಯಾರ್ಥಿಗೆ ಹೋಯಿತು. ಮೇಷ್ಟ್ರು ಹುಡುಗಿಯನ್ನು ಸದ್ಯಕ್ಕೆ ತಮ್ಮ ಮನೆಗೆ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನ ಠಾಣೆಗೆ ಬಂದು, ಮುಂದೆಂದಾದರೂ ಅವಳು ಮುಖವನ್ನು ಮತ್ತೆ ಬರೆಯಲು ಆ ಹಾಳೆ ಸಿಗಬಹುದೇ ಎಂದು ಕೇಳಿದರು. ಪ್ರಕರಣ ಮುಗಿಯುವವರೆಗೆ ಆಗುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಹೇಳಬೇಕಾಯಿತು.

"ನೆನಪಿಂದ ಬರಿ ಅಂದೆ" ಎಂದರು ಮೇಷ್ಟ್ರು. "ಸೋಮವಾರದಿಂದ ಅಪ್ಪನ ಮುಖ ಅಂದ್ರೆ ಎಚ್ಚರ ಇರೋದೇ ಕಾಣತ್ತೆ ಸಾರ್ ಅಂತಾಳೆ."

3.30ಕ್ಕೆ ಸತ್ತ ಸಹಾಯಕನ ಹೆಂಡತಿ ಬಂದಳು. ಇದು ನಾಲ್ಕನೆಯ ಸಲ, ಠಾಣೆಯೇ ಕರೆಸಿದ್ದು ಮೊದಲ ಸಲ. ಅಭ್ಯಾಸಬಲದಿಂದ ಅವಳು ಬಾಗಿಲ ಬಳಿಯೇ ನಿಂತಳು. ಇನ್ಸ್‌ಪೆಕ್ಟರ್ ಎದ್ದು, ತಮ್ಮ ಮೇಜಿನ ಎದುರಿನ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. ಪಕ್ಕದ ಮೇಜಿನಲ್ಲಿ ರೈಟರ್ ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಬರೆಯುತ್ತಿದ್ದ. ಹಾಳೆಯನ್ನು ಬಿಡಿಸಿ, ಗೋಡೆಗೊರಗಿದ ಆ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬರೆದ: ಪೆನ್ಸಿಲ್ ಚಿತ್ರ, ಮಲಗಿದ ಮನುಷ್ಯ, ಒಂದು.